ಹನ್ನೊಂದನೇ ಬೋರಿನ ಪುಟ

ನಮ್ಮ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಜಜ್ಜಲು ಒಂದು ಕಲ್ಲಿದೆ. ಗೇಣುದ್ದ, ಮುಷ್ಟಿಗೆ ಸರಿಯಾಗುವಷ್ಟು ದಪ್ಪ, ಲಟ್ಟಣಿಗೆಯ ಹಾಗೆ ದುಂಡಗೆ. ಬೂದು ಮೈಯಲ್ಲಿ ಕಪ್ಪು ಚುಕ್ಕೆಗಳು, ಒಂದು ಕಡೆ ಬಿಳಿಯ ಓರೆಗೆರೆ. ಇದನ್ನು ಯಾರೂ ಉಳಿ ಹಿಡಿದು ಕಡೆದದ್ದಲ್ಲ. ನೆಲದೊಳಗೆ ಅರವತ್ತು ಅಡಿ ಕೆಳಗಿದ್ದ ಬಂಡೆಯನ್ನು ಯಂತ್ರ ಕೊರೆದು, ಹೀಗೆ ದುಂಡಗೆ ಕತ್ತರಿಸಿ ಮೇಲಕ್ಕೆ ತಂದದ್ದು. ಮನೆಗೆ ಬಂದು ಮೂವತ್ತೈದು ವರ್ಷವಾಗಿರಬೇಕು.

ಈ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ನನ್ನ ಹೆಂಡತಿ ಆ ಕಲ್ಲನ್ನು ತೊಳೆದು ಜಗಲಿಯ ಬಿಸಿಲಿಗೆ ಇಟ್ಟಿದ್ದಳು. ಕಾದಿದ್ದ ಕಲ್ಲಿನ ಮೇಲೆ ಮತ್ತೆ ನೀರು ಚೆಲ್ಲಿದಾಗ ಒಂದು ವಾಸನೆ ಎದ್ದಿತು. ಮಳೆ ಬಿದ್ದ ಮಣ್ಣಿನ ವಾಸನೆಯಲ್ಲ ಅದು. ಅದಕ್ಕಿಂತ ತಣ್ಣನೆಯದು, ಸ್ವಲ್ಪ ಕಬ್ಬಿಣದ ಘಾಟು ಸೇರಿದ್ದು. ನೆಲದಿಂದ ಆಗತಾನೆ ಹೊರಬಂದ ಕಲ್ಲನ್ನು ಮೂಸಿದವರಿಗೆ ಮಾತ್ರ ಗೊತ್ತಾಗುವ ವಾಸನೆ. ಅವಳು ಕಲ್ಲನ್ನು ಸೆರಗಿನಲ್ಲಿ ಒರೆಸುತ್ತಾ, "ಇದನ್ನ ಕೊಟ್ಟ ಮೇಸ್ತ್ರಿ ಈಗ ಎಲ್ಲವ್ರೋ ಏನೋ. ಅವತ್ತು ಹೋದೋರು ಒಂದು ಮಾತೂ ಹೇಳ್ದಂಗೆ ಹೊಂಟೋದ್ರು" ಅಂದಳು.

"ನಂಗೇನು ಗೊತ್ತು" ಅಂದೆ.

ಗೊತ್ತಿತ್ತು. ಅವರು ಹೇಳಿಯೇ ಹೋಗಿದ್ದರು. ಹೇಳಿದ ಮಾತನ್ನು ನಾನು ಅವಳಿಗೆ ತಲುಪಿಸಿರಲಿಲ್ಲ...

ಆಗ ನಮ್ಮ ಊರಿನ ಹಿಂದಿನ ಬೆಟ್ಟದಾಚೆ ಒಂದು ಗಣಿ ಶುರುವಾಗುವುದರಲ್ಲಿತ್ತು. ನಮ್ಮದು ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿ ಹೋಬಳಿಗೆ ಸೇರಿದ ಸಣ್ಣ ಊರು. ಗಣಿಯಲ್ಲಿ ಅದಿರು ತೆಗೆದ ಮೇಲೆ ಉಳಿಯುವ ಕಲ್ಲುಪುಡಿಯನ್ನು ನೀರಿನಲ್ಲಿ ಕಲಸಿದ ಹಿಟ್ಟಿನಂತೆ ಕೊಳವೆಯಲ್ಲಿ ಹರಿಸಿ ಒಂದು ದೊಡ್ಡ ಕೆರೆಯಂಥ ಜಾಗದಲ್ಲಿ ತುಂಬಬೇಕಿತ್ತು. ಆ ಜಾಗದ ಮಣ್ಣು ಎಷ್ಟು ದಪ್ಪವಿದೆ, ಅದರ ಕೆಳಗಿನ ಬಂಡೆ ಗಟ್ಟಿಯಿದೆಯೇ, ಬಿರುಕು ಬಿಟ್ಟಿದೆಯೇ, ಗಲೀಜು ನೀರು ಕೆಳಗಿಳಿದು ಎಲ್ಲಾದರೂ ಹೋಗಿ ಸೇರುತ್ತದೆಯೇ ಎಂದು ಮೊದಲೇ ತಿಳಿಯಬೇಕು. ಅದಕ್ಕಾಗಿ ಬೆಟ್ಟದ ನಮ್ಮ ಕಡೆಯ ಇಳಿಜಾರಿನ ತುಂಬ ಅಲ್ಲಲ್ಲಿ ಬೋರ್ ಹಾಕಿ ನೋಡುತ್ತಿದ್ದರು. ನೀರಿಗಾಗಿ ಹಾಕುವ ಬೋರಲ್ಲ, ನೀರು ನಿಲ್ಲುತ್ತದೆಯೇ ಎಂದು ನೋಡಲು ಹಾಕುವ ಬೋರು. ಆ ಇಳಿಜಾರಿನ ಬುಡದಲ್ಲಿ ಇದ್ದದ್ದು ನಮ್ಮೂರಿನ ಸಿಹಿನೀರಿನ ಬಾವಿ.

ನಾನು ಎಸ್ಸೆಸ್ಸೆಲ್ಸಿ ಪಾಸಾದವನು. ಅಕ್ಷರ ದುಂಡಗಿತ್ತು. ಆ ಕೆಲಸಕ್ಕೆ ನನ್ನನ್ನು ರೈಟರ್ ಅಂತ ಸೇರಿಸಿಕೊಂಡರು. ಬೋರಿನಿಂದ ತುಂಡುತುಂಡಾಗಿ ಬರುವ ದುಂಡುಗಲ್ಲುಗಳನ್ನು ಕೋರ್ ಅನ್ನುತ್ತಿದ್ದರು. ಅವನ್ನು ಉದ್ದನೆಯ ಮರದ ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿ, ಎಷ್ಟು ಅಡಿಯಲ್ಲಿ ಸಿಕ್ಕಿದ್ದು ಎಂದು ಚೀಟಿ ಬರೆದು, ದಿನದ ವಿವರವನ್ನು ರಿಜಿಸ್ಟರಿನಲ್ಲಿ ಬರೆಯುವುದು ನನ್ನ ಕೆಲಸ. ಬಿಳಿ ಶರ್ಟಿನ ಜೇಬಿಗೆ ಎರಡು ಪೆನ್ನು ಸಿಕ್ಕಿಸಿಕೊಂಡು ಊರಿನ ನಡುವೆ ನಡೆದು ಹೋಗುವಾಗ ನನಗೆ ಒಂದು ಠೀವಿ ಇತ್ತು. ಸುಳ್ಳೇಕೆ ಹೇಳಲಿ.

ಯಂತ್ರ ನಡೆಸುತ್ತಿದ್ದವರು ಮೇಸ್ತ್ರಿ. ಪಾವಗಡದ ಕಡೆಯವರು. ನನಗಿಂತ ಏಳೆಂಟು ವರ್ಷ ದೊಡ್ಡವರು, ಕಪ್ಪಗೆ, ಸಣಕಲು. ಎಡಗೈಯ ಕಿರುಬೆರಳು ಅರ್ಧ ಇರಲಿಲ್ಲ. ಅವರ ಕನ್ನಡದೊಳಗೆ ತೆಲುಗು ಹೆಜ್ಜೆಹೆಜ್ಜೆಗೂ ಸೇರಿಕೊಳ್ಳುತ್ತಿತ್ತು. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಅದು ಗೊತ್ತಾದ ದಿನ ನನಗೆ ಒಳಗೊಳಗೇ ಖುಷಿಯಾಗಿತ್ತು. ಈ ಮನುಷ್ಯ ನನ್ನ ಕೈಕೆಳಗಿನವನು ಅಂತ ಲೆಕ್ಕ ಹಾಕಿಕೊಂಡೆ.

ಆದರೆ ಸಾಹೇಬರ ಲೆಕ್ಕ ಬೇರೆ ಇತ್ತು. ಸಾಹೇಬರು ಅಂದರೆ ಭೂಮಿಯ ಪರೀಕ್ಷೆಗೆ ಬಂದಿದ್ದ ಎಂಜಿನಿಯರು. ವಾರಕ್ಕೆ ಎರಡು ಮೂರು ದಿನ ಜೀಪಿನಲ್ಲಿ ಬರುತ್ತಿದ್ದರು. ಇಳಿದ ತಕ್ಷಣ ನಾನು ರಿಜಿಸ್ಟರ್ ಹಿಡಿದು ಎದುರಿಗೆ ನಿಂತರೆ, ಅವರು ನನ್ನ ಭುಜದ ಮೇಲಿಂದ ಆಚೆಗೆ ನೋಡಿ, "ಮೇಸ್ತ್ರಿ, ಏನಂತೈತಯ್ಯಾ ನೆಲ?" ಎಂದು ಕೇಳುತ್ತಿದ್ದರು. ಮೇಸ್ತ್ರಿ ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಕೈ ಒರೆಸಿಕೊಂಡು ಹೇಳುತ್ತಿದ್ದರು. ಸಾಹೇಬರು ತಮ್ಮ ಫ್ಲಾಸ್ಕಿನ ಚಹಾವನ್ನು ಮುಚ್ಚಳಕ್ಕೆ ಬಗ್ಗಿಸಿ ಅವರಿಗೆ ಕೊಡುತ್ತಿದ್ದರು. ನನ್ನ ದುಂಡಗಿನ ಅಕ್ಷರವನ್ನು ಆಮೇಲೆ, ಜೀಪ್ ಹತ್ತುವ ಮುಂಚೆ, ನಿಂತುಕೊಂಡೇ ನೋಡುತ್ತಿದ್ದರು.

ಮೇಸ್ತ್ರಿ ನೆಲವನ್ನು ಕೈಯಲ್ಲಿ ಓದುತ್ತಿದ್ದರು. ಯಂತ್ರ ಕೊರೆಯುವಾಗ ತಿರುಗುವ ರಾಡಿನ ಪಕ್ಕದ ಕಂಬದ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ, "ಈಗ ಮೆತ್ತಗೆ ಬಂತು. ಇನ್ನೊಂದು ಗೇಣು ಮೆತ್ತಗೆ. ಚೂಡಪ್ಪಾ ರೈಟರ್, ನೋಡು, ಈಗ ಗಟ್ಟಿ" ಅನ್ನುತ್ತಿದ್ದರು. ಕೋರ್ ಮೇಲೆ ಬಂದರೆ ಅವರು ಹೇಳಿದಂತೆಯೇ ಇರುತ್ತಿತ್ತು. ಮೇಲುಮಣ್ಣಿನ ಚಿಟಿಕೆಯನ್ನು ಮುಂದಿನ ಹಲ್ಲಿನ ನಡುವೆ ಇಟ್ಟು ಕಡಿದು ಉಗಿಯುತ್ತಿದ್ದರು. ಕರಕರ ಅಂದರೆ ಮರಳು ಸೇರಿದೆ, ನೀರು ಬಿಡುತ್ತದೆ. ಬೆಣ್ಣೆಯ ಹಾಗೆ ಜಾರಿದರೆ ಜೇಡಿ, ನೀರು ಹಿಡಿಯುತ್ತದೆ. ಸಾಹೇಬರು ಮಣ್ಣನ್ನು ಚೀಲಕ್ಕೆ ತುಂಬಿ ಪರೀಕ್ಷೆಗೆ ಕಳಿಸುತ್ತಿದ್ದರು. ಅಲ್ಲಿಂದ ಬರುವ ಉತ್ತರ ಮೇಸ್ತ್ರಿಯ ಹಲ್ಲು ಹೇಳಿದ್ದಕ್ಕಿಂತ ಬೇರೆ ಆಗಿದ್ದು ನಾನು ನೋಡಲಿಲ್ಲ.

ಒಂದು ದಿನ ಎಲ್ಲರೂ ಊಟಕ್ಕೆ ಕೂತಿದ್ದಾಗ ನಾನು ಜಾಲಿ ಮರದ ಹಿಂದೆ ಹೋಗಿ ಚಿಟಿಕೆ ಮಣ್ಣನ್ನು ಹಲ್ಲಿಗೆ ಹಾಕಿಕೊಂಡೆ. ಮಣ್ಣಿನ ರುಚಿ ಮಣ್ಣಿನಂತಿತ್ತು, ಅಷ್ಟೆ. ಇನ್ನೊಂದು ದಿನ ಅವರಿಲ್ಲದಾಗ ಕಂಬದ ಮೇಲೆ ಕೈ ಇಟ್ಟು ಕಣ್ಣು ಮುಚ್ಚಿದೆ. ಮೊಣಕೈವರೆಗೆ ಗಡಗಡ ಅಂತ ನಡುಗಿತು. ಕಣ್ಣು ಬಿಟ್ಟಾಗ ಮೇಸ್ತ್ರಿ ಎದುರಿಗೆ ನಿಂತಿದ್ದರು. ನಗಲಿಲ್ಲ. ನನ್ನ ಅಂಗೈಯನ್ನು ಎತ್ತಿ ಇನ್ನೂ ಸ್ವಲ್ಪ ಕೆಳಗೆ, ಬೋಲ್ಟಿನ ಪಕ್ಕ ಇಟ್ಟು, "ಇಲ್ಲಿ ಇಟ್ರೆ ಚೆಂದಾಗಿ ಹೇಳ್ತಾದೆ. ಅವಸ್ರ ಬ್ಯಾಡಪ್ಪಾ, ವರ್ಷಗಟ್ಲೆ ಬೇಕು" ಅಂದರು. ಅವರು ನಕ್ಕಿದ್ದರೆ ಆ ಸಿಟ್ಟು ಅಲ್ಲಿಗೇ ಮುಗಿಯುತ್ತಿತ್ತೋ ಏನೋ.

ಕೆಲಸದ ಜಾಗ ಮನೆಯಿಂದ ಒಂದು ಮೈಲಿಯೂ ಇರಲಿಲ್ಲ. ನನ್ನ ಹೆಂಡತಿ ಊಟದ ಡಬ್ಬಿ ಕಟ್ಟಿಕೊಡುತ್ತಿದ್ದಳು. ಮೇಸ್ತ್ರಿ ಬೆಳಿಗ್ಗೆ ತಾವೇ ಬೇಯಿಸಿದ ಅನ್ನಕ್ಕೆ ಉಪ್ಪಿನಕಾಯಿ ಹಚ್ಚಿಕೊಂಡು ತಿನ್ನುವುದನ್ನು ನೋಡಿ, ಒಂದು ದಿನ ದೊಡ್ಡಸ್ತಿಕೆಗೆ ನನ್ನ ಡಬ್ಬಿಯ ಹುರುಳಿಸಾರನ್ನು ಅವರ ತಟ್ಟೆಗೆ ಬಗ್ಗಿಸಿದೆ. ಅವರು ಬೆರಳು ನೆಕ್ಕಿ, "ಮಾ ಚೆಲ್ಲೆಮ್ಮ ಕೈ ಬಾಗುಂದಪ್ಪಾ" ಅಂದರು. ನಮ್ಮ ತಂಗಿಯ ಕೈ ಚೆನ್ನಾಗಿದೆ ಅಂತ. ನಾನು ಅದನ್ನು ಮನೆಯಲ್ಲಿ ತಮಾಷೆಗೆ ಹೇಳಿದೆ. ಮಾರನೆಯ ದಿನದಿಂದ ಡಬ್ಬಿಯಲ್ಲಿ ಎರಡು ಮುದ್ದೆ.

"ಇದೇನು?" ಅಂದೆ.

"ಒಂದು ಅವರ್ಗೆ. ನೀವು ಹತ್ತು ವರ್ಸದಿಂದ ಉಣ್ತಿದೀರ, ಒಂದಿನಾನಾದ್ರೂ ಕೈ ಚೆಂದಾಗೈತೆ ಅಂದಿದ್ದೀರಾ?"

ನಗುತ್ತಲೇ ಅಂದಳು. ನನಗೆ ನಗು ಬರಲಿಲ್ಲ.

ಅದಕ್ಕೆ ಪ್ರತಿಯಾಗಿ ಮೇಸ್ತ್ರಿ ಕೊಟ್ಟದ್ದು ಈ ಕಲ್ಲು. ಪರೀಕ್ಷೆ ಮುಗಿದು ಬಿಸಾಡಿದ್ದ ಕೋರಿನಲ್ಲಿ ಚೆಂದದ್ದೊಂದು ಆರಿಸಿ, ತುದಿಯನ್ನು ಸಾಣೆಕಲ್ಲಿಗೆ ಉಜ್ಜಿ ನುಣ್ಣಗೆ ಮಾಡಿ ಕಳಿಸಿದ್ದರು. ಅವಳು ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು. ನಾನು ತಂದುಕೊಟ್ಟ ಯಾವ ಸೀರೆಯನ್ನೂ ಅವಳು ಹಾಗೆ ನೋಡಿರಲಿಲ್ಲ ಎಂದು ಅವತ್ತು ನನಗೆ ಅನಿಸಿತು. ಇಂದು ಯೋಚಿಸಿದರೆ ನಾನು ಅವಳಿಗೆ ತಂದುಕೊಟ್ಟ ಸೀರೆಗಳೇ ಎಷ್ಟಿದ್ದವು...

ಈಗ ತಪ್ಪಿನ ವಿಷಯಕ್ಕೆ ಬರುತ್ತೇನೆ.

ದಿನದ ಕೆಲಸ ಮುಗಿದಾಗ, ಬಿಸಿಲು ಇಳಿಯುವ ಹೊತ್ತಿಗೆ, ಮೇಸ್ತ್ರಿ ಮತ್ತು ನಾನು ಪೆಟ್ಟಿಗೆಗಳ ಮೇಲೆ ಕೂರುತ್ತಿದ್ದೆವು. ಅವರು ಹೇಳಿದ್ದನ್ನೆಲ್ಲ ನಾನು ಅವತ್ತಿನ ಪುಟದಲ್ಲಿ ಬರೆದಿರಬೇಕು. ಬರೆದದ್ದನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಅವರು ಕೇಳಿ, ಸರಿಯಿದ್ದರೆ ಶಾಯಿಯ ಪ್ಯಾಡಿಗೆ ಹೆಬ್ಬೆಟ್ಟು ಒತ್ತಿ ಪುಟದ ಕೆಳಗೆ ಅಚ್ಚು ಹಾಕಬೇಕು. ಇದು ಸಾಹೇಬರು ಮಾಡಿದ್ದ ಕಟ್ಟಳೆ. ಯಾಕೆಂದರೆ ಬೋರಿನಲ್ಲಿ ಆಗುವುದೆಲ್ಲ ಪೆಟ್ಟಿಗೆಗೆ ಬರುವುದಿಲ್ಲ. ಮೆತ್ತಗಿನ ಪದರವನ್ನು ನೀರು ತೊಳೆದುಕೊಂಡು ಹೋಗಿಬಿಡುತ್ತದೆ. ಆಗ ಅಲ್ಲೇನಿತ್ತು ಎಂದು ಹೇಳಲು ಮೇಸ್ತ್ರಿಯ ಮಾತು ಬಿಟ್ಟರೆ ಬೇರೆ ಸಾಕ್ಷಿ ಇರುವುದಿಲ್ಲ.

ಹನ್ನೊಂದನೇ ಬೋರು ನಮ್ಮ ಬಾವಿಗೆ ನೇರ ಮೇಲೆ ಇತ್ತು. ಸಾಹೇಬರು ಮೂರು ದಿನ ಬಂದಿರಲಿಲ್ಲ. ನಲವತ್ತು ಅಡಿಯ ಸುಮಾರಿಗೆ ರಾಡು ಸರಕ್ಕನೆ ಒಂದು ಮೊಳ ಜಾರಿತು. ಕೊರೆಯುವಾಗ ಒಳಗೆ ಬಿಡುವ ನೀರು ಸಾಮಾನ್ಯವಾಗಿ ಕೆಸರಾಗಿ ಬಾಯಿಯಿಂದ ಉಕ್ಕಿ ಬರುತ್ತದೆ. ಅದು ನಿಂತುಹೋಯಿತು. ಎಷ್ಟು ಬಿಟ್ಟರೂ ಕುಡಿಯುತ್ತಲೇ ಇತ್ತು. ಡ್ರಮ್ಮಿನ ನೀರೆಲ್ಲ ಖಾಲಿಯಾಯಿತು. ಜೊತೆಗಿರುತ್ತಿದ್ದ ಕೂಲಿಯವರಿಬ್ಬರೂ ಅದಕ್ಕೂ ಮುಂಚೆಯೇ ಟ್ಯಾಂಕರ್ ತರಲು ಹೋಗಿದ್ದರಿಂದ ಅಲ್ಲಿದ್ದದ್ದು ನಾವಿಬ್ಬರೇ. ಮೇಲೆ ಬಂದ ಕೋರಿನಲ್ಲಿ ಒಂದು ಮೊಳದಷ್ಟು ಜಾಗ ಖಾಲಿ.

ಮೇಸ್ತ್ರಿ ಬೋರಿನ ಬಾಯಿಗೆ ಕಿವಿಯಿಟ್ಟು ಕೇಳಿದರು. ಎದ್ದಾಗ ಮುಖ ಬಾಡಿತ್ತು. "ಬರ್ಕೊಳಪ್ಪಾ. ನಲವತ್ತರಲ್ಲಿ ರಾಡ್ ಜಾರ್ತು. ನೀರು ಪೂರ್ತಿ ಹೋಯ್ತು, ವಾಪಸ್ ಬರ್ಲಿಲ್ಲ. ಬಿರುಕು ದೊಡ್ದು. ಇಳಿಜಾರಿನ ಕಡೀಕೇ ಹೋಗ್ತಾದೆ. ಇಲ್ಲಿ ಕೆರೆ ಕಟ್ಟಿದ್ರೆ ಚೆಲ್ಲೆಮ್ಮನ ಬಾವಿ ಅಯಿಪೋಯಿಂದಿ" ಅಂದರು. ಮುಗಿದುಹೋಯಿತು ಅಂತ.

ಚೆಲ್ಲೆಮ್ಮನ ಬಾವಿ. ನಾನು ಹುಟ್ಟಿ ಬೆಳೆದ ಊರಿನ ಬಾವಿ ಅದು. ಇದನ್ನು ಸಾಹೇಬರಿಗೆ ಈ ಮನುಷ್ಯ ಹೇಳುತ್ತಾನೆ, ಸಾಹೇಬರು ಬೆನ್ನು ತಟ್ಟುತ್ತಾರೆ, ಊರೆಲ್ಲ ಬಾವಿ ಉಳಿಸಿದವನು ಅನ್ನುತ್ತದೆ, ಮನೆಯಲ್ಲಿ ಇವಳು ಮೂರನೆಯ ಮುದ್ದೆ ಕಟ್ಟುತ್ತಾಳೆ. ಇಷ್ಟೂ ಒಂದೇ ಗಳಿಗೆಯಲ್ಲಿ ನನ್ನ ಕಣ್ಣ ಮುಂದೆ ಬಂತು. ಬಾವಿಯ ಗತಿ ಏನು ಎಂಬುದು ಮಾತ್ರ ಬರಲಿಲ್ಲ. ನಾನು ಬರೆದೆ. "ನೀರು ಪೂರ್ತಿ ವಾಪಸ್. ಬಂಡೆ ಗಟ್ಟಿ. ಮೇಸ್ತ್ರಿ ಅವಸರ ಮಾಡಿದ್ದರಿಂದ ಒಂದು ಮೊಳ ಕೋರ್ ಅರೆದು ಹಾಳಾಗಿದೆ."

ಸಂಜೆ ಪೆಟ್ಟಿಗೆಯ ಮೇಲೆ ಕೂತು ಓದಿ ಹೇಳಿದೆ. ಪುಟದ ಮೇಲೆ ಬೆರಳು ಓಡಿಸುತ್ತಾ, ಅವರು ಹೇಳಿದ್ದ ಮಾತುಗಳನ್ನೇ ಒಂದೂ ಬಿಡದೆ ಓದಿದೆ. ರಾಡ್ ಜಾರಿತು, ನೀರು ಪೂರ್ತಿ ಹೋಯಿತು, ಬಿರುಕು ದೊಡ್ಡದು. ಅವರು ತಲೆಯಾಡಿಸಿ, "ಸರಿಗ್ಗಾ ಬರ್ದಿದೀಯಪ್ಪಾ" ಎಂದು ಹೆಬ್ಬೆಟ್ಟನ್ನು ಪ್ಯಾಡಿಗೆ ಒತ್ತಿ, ಅಚ್ಚು ಕದಡದ ಹಾಗೆ ನಿಧಾನವಾಗಿ ಪುಟದ ಕೆಳಗೆ ಊರಿದರು. ಆರಲಿ ಎಂದು ಬಾಯಿಂದ ಊದಿದರು.

ಎರಡು ದಿನ ಕಳೆದು ಸಾಹೇಬರು ಬಂದರು. ಅವತ್ತು ಪೆಟ್ಟಿಗೆಯ ಖಾಲಿ ಜಾಗ ನೋಡಿ ಮೊದಲ ಸಲ ರಿಜಿಸ್ಟರನ್ನು ತಾವಾಗಿ ಕೇಳಿದರು. ಓದಿದರು.

"ಏನಯ್ಯಾ ಮೇಸ್ತ್ರಿ, ಅವಸರ ಮಾಡಿ ಕೋರ್ ಅರೆದುಬಿಟ್ಟಿದ್ದೀಯ?"

"ಇಲ್ಲ ಸಾ. ರಾಡ್ ಜಾರ್ತು. ನೀರೆಲ್ಲ ಕುಡೀತು. ಬರ್ಸಿದೀನಿ ಸಾ, ಬುಕ್ಕಲ್ಲೇ ಐತೆ ಚೂಡಂಡಿ."

"ಬುಕ್ಕಲ್ಲಿ ಹಾಗಿಲ್ಲ. ನೀರು ಪೂರ್ತಿ ವಾಪಸ್ ಬಂತು ಅಂತ ಇದೆ. ಕೆಳಗೆ ನಿನ್ನ ಹೆಬ್ಬೆಟ್ಟಿದೆ. ಈಗ ಮಾತು ತಿರುಗಿಸ್ತೀಯಾ?"

ಸಾಹೇಬರು ಪುಟವನ್ನು ಅವರ ಮುಖಕ್ಕೆ ಹಿಡಿದರು. ಮೇಸ್ತ್ರಿ ಪುಟವನ್ನು ನೋಡಿದರು. ಅದರಲ್ಲಿ ಅವರು ಓದಬಲ್ಲದ್ದು ಒಂದೇ, ಅವರ ಸ್ವಂತ ಬೆರಳಿನ ಗೆರೆಗಳು. ಆಮೇಲೆ ನನ್ನ ಕಡೆ ನೋಡಿದರು. ನಾನು ಪೆನ್ನಿನ ಮುಚ್ಚಳ ತಿರುಗಿಸುತ್ತಿದ್ದೆ. ಕೊನೆಗೆ ಅವರು ಸಾಹೇಬರ ಕಡೆ ತಿರುಗಿದರು.

"ಹೆಬ್ಬೆಟ್ಟು ನಂದೇ ಸಾ."

ಅಷ್ಟೇ ಅಂದದ್ದು. ನನ್ನ ಹೆಸರು ಹೇಳಬಹುದಿತ್ತು. ರೈಟರ್ ಬೇರೆ ಓದಿದ ಅನ್ನಬಹುದಿತ್ತು. ಅನ್ನಲಿಲ್ಲ. ತಪ್ಪು ಮಾಡುವವನನ್ನಾದರೂ ಇಟ್ಟುಕೊಳ್ಳಬಹುದು, ಸುಳ್ಳು ಹೇಳುವವನನ್ನು ಬಂಡೆಯ ಕೆಲಸಕ್ಕೆ ಇಟ್ಟುಕೊಳ್ಳಲಾಗದು ಎಂದು ಸಾಹೇಬರು ಅವತ್ತೇ ಅವರನ್ನು ಕೆಲಸದಿಂದ ಬಿಡಿಸಿದರು.

ಹೊರಡುವ ಮುಂಚೆ ಮೇಸ್ತ್ರಿ ನನ್ನ ಊಟದ ಡಬ್ಬಿಯನ್ನು ಬೂದಿ ಹಾಕಿ ಉಜ್ಜಿ ತೊಳೆದು ತಂದುಕೊಟ್ಟರು. "ಚೆಲ್ಲೆಮ್ಮಂಗೆ ಹೇಳಪ್ಪಾ, ಅಣ್ಣ ಹೋಗಿಬರ್ತಾನೆ ಅಂತ. ಬಾವಿ ನೀರು ಸ್ವಲ್ಪ ಹುಷಾರಾಗಿ ನೋಡ್ಕೊಳಿ" ಎಂದು ಹಾಸಿಗೆ ಸುರುಳಿ ಹೊತ್ತು ಇಳಿಜಾರಿನಲ್ಲಿ ಇಳಿದು ಬಸ್ಸಿನ ರಸ್ತೆಗೆ ಹೋದರು.

ನಾನು ಮನೆಯಲ್ಲಿ ಹೇಳಲಿಲ್ಲ. ಊರಿನವರಿಂದ ವಿಷಯ ತಿಳಿಯುವವರೆಗೆ ಅವಳು ಇನ್ನೂ ನಾಲ್ಕು ದಿನ ಡಬ್ಬಿಯಲ್ಲಿ ಎರಡು ಮುದ್ದೆ ಇಟ್ಟಳು. ನಾಲ್ಕು ದಿನವೂ ಜಾಲಿ ಮರದ ಕೆಳಗೆ ಒಬ್ಬನೇ ಕೂತು ಎರಡೂ ಮುದ್ದೆ ತಿಂದೆ. ಹೊಟ್ಟೆ ಬಿರಿಯುತ್ತಿತ್ತು, ಆದರೂ ಉಳಿಸಲಿಲ್ಲ. ಅವರ ಪಾಲನ್ನು ತಿನ್ನುತ್ತಿದ್ದೇನೆ ಎಂಬ ಸಂತೋಷ ನನಗಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಇತ್ತು.

ಕೋರ್ ಹಾಳಾಗಿದೆ ಎಂದು ಪುಟದಲ್ಲಿ ಇದ್ದದ್ದರಿಂದ ಸಾಹೇಬರು ಹತ್ತು ಹೆಜ್ಜೆ ಆಚೆಗೆ ಮತ್ತೊಂದು ಬೋರ್ ಹಾಕಿಸಿದರು. ಹೊಸ ಮೇಸ್ತ್ರಿ ಕೊರೆಯುವಾಗ ಸಾಹೇಬರು ಪಕ್ಕದಲ್ಲೇ ನಿಂತಿದ್ದರು. ನಲವತ್ತು ಅಡಿಗೆ ರಾಡು ಜಾರಿತು. ನೀರು ಹೋಯಿತು. ಡ್ರಮ್ಮು ಖಾಲಿಯಾಯಿತು. ಸಾಹೇಬರು ಬಗ್ಗಿ ಬೋರಿನ ಬಾಯನ್ನು ನೋಡಿ ನನ್ನನ್ನು ಕರೆದರು.

"ಹಳೇ ಮೇಸ್ತ್ರಿ ಬೋರಿನಲ್ಲೂ ಹೀಗೇ ಆಗಿತ್ತೇನಯ್ಯಾ? ನೀನು ಇದ್ದೆಯಲ್ಲ."

ಬಾಯಿ ಬಿಡಲು ಅದಕ್ಕಿಂತ ಒಳ್ಳೆಯ ಸಮಯ ನನಗೆ ಸಿಕ್ಕುವಂತಿರಲಿಲ್ಲ. "ಇಲ್ಲ ಸಾರ್, ಬುಕ್ಕಲ್ಲಿರೋದೇ ಆಗಿದ್ದು" ಅಂದೆ.

ಕಲ್ಲುಪುಡಿ ತುಂಬುವ ಕೆರೆಯ ಜಾಗ ಬೆಟ್ಟದಾಚೆಗೆ ಹೋಯಿತು. ಮುಂದೆ ಗಣಿಯೇ ಹೆಚ್ಚು ವರ್ಷ ನಡೆಯಲಿಲ್ಲ. ನಮ್ಮ ಬಾವಿಗೆ ಏನೂ ಆಗಲಿಲ್ಲ, ಇವತ್ತಿಗೂ ಅದರ ನೀರು ಸಿಹಿ. ಬಂಡೆಯ ನಿಜ ಹತ್ತೇ ದಿನದಲ್ಲಿ ಹೊರಗೆ ಬಂತು. ಆ ಮನುಷ್ಯನ ನಿಜ ಮಾತ್ರ ನನ್ನೊಳಗೇ ಉಳಿಯಿತು.

ಹೆಂಡತಿ ಕಲ್ಲು ತೊಳೆದು ಆ ಮಾತು ಕೇಳಿದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ವಾರ ಕಳೆದು ಪಾವಗಡದ ಬಸ್ ಹತ್ತಿದೆ. ಮೇಸ್ತ್ರಿಯ ಊರಿನ ಹೆಸರು ನೆನಪಿತ್ತು. ಇಳಿದು ವಿಚಾರಿಸಿದಾಗ ಮಗಳ ಮನೆ ತೋರಿಸಿದರು. ಅಂಗನವಾಡಿಯಲ್ಲಿ ಕೆಲಸ ಮಾಡುವ, ನಲವತ್ತು ದಾಟಿದ ಹೆಂಗಸು. ಗೋಡೆಯ ಮೇಲೆ ಮೇಸ್ತ್ರಿ ಹಾರ ಹಾಕಿಸಿಕೊಂಡು ಕೂತಿದ್ದರು. ಹೋಗಿ ನಾಲ್ಕು ವರ್ಷವಾಯಿತಂತೆ. ನಮ್ಮಲ್ಲಿಂದ ಬಂದ ಮೇಲೆ ಅವರನ್ನು ಬೋರಿನ ಕೆಲಸಕ್ಕೆ ಯಾರೂ ಕರೆಯಲಿಲ್ಲವಂತೆ. ಪೈಪ್ ಹೂಳಲು ಕಾಲುವೆ ತೋಡುವ ಕೂಲಿ ಮಾಡಿಕೊಂಡಿದ್ದರಂತೆ. ನೆಲ ಓದುವ ಕೈ ಅದು...

ನಾನು ಐ.ಡಿ.ಹಳ್ಳಿ ಕಡೆಯವನು, ಬೋರಿನ ಕೆಲಸದಲ್ಲಿ ರೈಟರ್ ಆಗಿದ್ದೆ ಅಂದೆ. ಅವಳ ಮುಖ ಅರಳಿತು.

"ಅಯ್ಯೋ, ರೈಟರ್ ಮಾಮನಾ ನೀವು? ನಮ್ಮಪ್ಪಂಗೆ ಅಕ್ಷರ ಕಲ್ಸಿದ್ದು ನೀವೇ ಕದಾ?"

ನನಗೆ ಅರ್ಥವಾಗಲಿಲ್ಲ. ಅವಳೇ ಹೇಳಿದಳು. ಆ ಕೆಲಸ ಬಿಟ್ಟು ಬಂದ ವಾರವೇ ಅಪ್ಪ ಒಂದು ಸ್ಲೇಟು ತಂದರಂತೆ. ಮೂರನೇ ಕ್ಲಾಸಿನಲ್ಲಿದ್ದ ಇವಳ ಪಕ್ಕ ಕೂತು ಅ ಆ ತಿದ್ದಿದರಂತೆ. ಈ ವಯಸ್ಸಿನಲ್ಲಿ ಏಕಪ್ಪಾ ಎಂದು ಕೇಳಿದರೆ, "ಮಧುಗಿರಿ ಕಡೆ ಒಬ್ಬ ರೈಟರ್ ಮೊದಲ್ನೇ ಪಾಠ ಹೇಳ್ಕೊಟ್ಟವ್ನೆ, ಮಿಕ್ಕಿದ್ದು ನೀನು ಹೇಳ್ಕೊಡಮ್ಮಾ" ಅನ್ನುತ್ತಿದ್ದರಂತೆ. ಆಮೇಲೆ ಎಲ್ಲೂ ಹೆಬ್ಬೆಟ್ಟು ಒತ್ತಲಿಲ್ಲವಂತೆ. "ಬ್ಯಾಂಕಲ್ಲಿ ಹಿಂದೆ ಸಾಲು ನಿಂತ್ಕೊಂಡು ಬೈತಿದ್ರೂ ಬುಡ್ತಿರ್ಲಿಲ್ಲ ಮಾಮಾ. ಒಂದೊಂದ್ ಅಕ್ಷರಾನೂ ಕೂಡಿಸ್ಕೊಂಡು ಓದಿ ಮುಗ್ಸಿನೇ ಸೈನ್ ಹಾಕೋದು" ಎಂದು ನಕ್ಕಳು. ನಗುತ್ತಾ ಕಣ್ಣು ಒರೆಸಿಕೊಂಡಳು.

ಮಜ್ಜಿಗೆ ಕೊಟ್ಟಳು. ಕುಡಿದೆ. ಹೊರಡುವಾಗ ಬಗ್ಗಿ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಬೇಕಿತ್ತು, ಎಳೆದುಕೊಳ್ಳಲಿಲ್ಲ. ಮನೆಯಿಂದ ಹೊರಡುವಾಗ ಎಲ್ಲ ಹೇಳಿಬಿಡಬೇಕು ಎಂದುಕೊಂಡಿದ್ದವನು ಒಂದು ಅಕ್ಷರವನ್ನೂ ಹೇಳದೆ ಬಸ್ ನಿಲ್ದಾಣಕ್ಕೆ ಬಂದೆ. ಬಸ್ಸಿನಲ್ಲಿ ಕೂತಾಗ ಆ ಮನುಷ್ಯನ ಮೇಲೆ ಮತ್ತೆ ಹೊಟ್ಟೆಕಿಚ್ಚಾಯಿತು. ಸ್ವಂತ ಮಗಳ ಹತ್ತಿರವೂ ನನ್ನ ಬಗ್ಗೆ ಒಂದು ಕೆಟ್ಟ ಮಾತು ಆಡದೆ ಬದುಕಿ ಸತ್ತನಲ್ಲ ಎಂದು. ಸತ್ತವನ ಮೇಲೆ, ಗೋಡೆಗೆ ಹೋದವನ ಮೇಲೆ ಹೊಟ್ಟೆಕಿಚ್ಚು. ಎಪ್ಪತ್ತು ದಾಟಿದರೂ ಅದು ನನ್ನನ್ನು ಬಿಟ್ಟಿಲ್ಲ.

ಮೇಸ್ತ್ರಿಯ ಮಗಳಿಗೆ ಹೇಳಲಾಗದ್ದನ್ನು ಮನೆಗೆ ಬಂದು ಬರೆಯಲು ಕೂತೆ. ಇಲ್ಲಿಯವರೆಗೆ ಬರೆಯಲು ಹದಿನೈದು ದಿನ ಹಿಡಿಯಿತು. ಇದರ ಒಂದು ಪ್ರತಿ ಆ ಮಗಳಿಗೂ ಹೋಗುತ್ತದೆ. ಅದಕ್ಕೂ ಮುಂಚೆ ಇನ್ನೊಬ್ಬರಿಗೆ ಹೇಳಬೇಕಿತ್ತು. ನನ್ನ ಹೆಂಡತಿಗೆ ಓದು ಬರುವುದಿಲ್ಲ. ಇವತ್ತು ಬೆಳಿಗ್ಗೆ ಅವಳನ್ನು ಜಗಲಿಯಲ್ಲಿ ಕೂರಿಸಿ ಇದನ್ನು ಮೊದಲಿನಿಂದ ಓದಿ ಹೇಳಿದೆ. ಎರಡು ಮುದ್ದೆಯ ವಿಷಯ, ಚೆಲ್ಲೆಮ್ಮನಿಗೆ ಹೇಳು ಅಂದದ್ದು, ಕಾಲು ಮುಟ್ಟಿಸಿಕೊಂಡದ್ದು. ಅವಳು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದ್ದಳು. ಓದಿ ಮುಗಿದ ಮೇಲೆ ಮೊರವನ್ನು ಪಕ್ಕಕ್ಕೆ ಸರಿಸಿದಳು.

ಆಮೇಲೆ ಕೇಳಿದಳು. "ಬರ್ದಿರೋದನ್ನೇ ಓದುದ್ರಾ?"

"ಬರೆದಿರೋದನ್ನೇ ಓದಿದೆ."

ಅವಳು ಕೈ ಚಾಚಿ ಹಾಳೆಗಳನ್ನು ತೆಗೆದುಕೊಂಡಳು. ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದಳು. ಜೋಡಿಸಿ ಮಡಿಸಿ, ಹಾರಿಹೋಗದ ಹಾಗೆ ಅದರ ಮೇಲೆ ಆ ದುಂಡುಗಲ್ಲನ್ನು ಇಟ್ಟಳು.

"ಇರ್ಲಿ. ಭಾನುವಾರ ಮೊಮ್ಮಗಳು ಬತ್ತಾಳಲ್ಲ, ಅವಳ ಕೈಲಿ ಇನ್ನೊಂದು ಕಿತ ಓದಿಸ್ಕೊತೀನಿ" ಅಂದಳು.

ಓದಿಸಿಕೊ ಅಂದೆ. ಈಗ ಬರೆದ ಈ ಕೊನೆಯ ಸಾಲುಗಳನ್ನೂ ಕಲ್ಲಿನ ಕೆಳಗೆ ಸೇರಿಸಿ ಇಡುತ್ತಿದ್ದೇನೆ.